ಕ್ಯಾಮೆರಾ ಯಾರ ಮನೆಯೊಳಗೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ದಿನದ ಕೆಲಸ ಮುಗಿಸಿ ರೇಡಿಯೊ ಮುಂದೆ ಕುಳಿತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಇಂದು ‘ಚೋಮನ ದುಡಿ’ ಚಿತ್ರವನ್ನು ಆರಿಸಿಕೊಂಡಿದ್ದೇನೆ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ಈ ಚಿತ್ರ 1975ರದು. ಶ್ರೇಷ್ಠ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಇದಕ್ಕೆ ದೊರೆಯಿತು. ಕಥೆಯ ಕೇಂದ್ರದಲ್ಲಿರುವ ದಲಿತ ಜೀತದಾಳು ಚೋಮನ ಪಾತ್ರ ವಹಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಇದನ್ನು ಅಸ್ಪೃಶ್ಯತೆಯ ಚಿತ್ರವೆಂದು ಹೆಸರಿಸಿ ಪಕ್ಕಕ್ಕಿಡುವವರೊಡನೆ ನಾನು ವಾದ ಮಾಡುತ್ತಲೇ ಬಂದಿದ್ದೇನೆ. ಇದು ಸಂಸಾರದ ಚಿತ್ರ. ಒಬ್ಬ ತಂದೆ, ನಾಲ್ವರು ಗಂಡುಮಕ್ಕಳು, ಒಬ್ಬಳೇ ಮಗಳು, ತೀರದ ಸಾಲ, ತಾನೂ ಬೇಸಾಯ ಮಾಡಬೇಕೆಂಬ ಹಂಬಲ. ಇದಕ್ಕಿಂತ ಹೆಚ್ಚಿನ ಸಂಸಾರ ಯಾವ ಚಿತ್ರದಲ್ಲಿದೆ? ನಮ್ಮ ಕೌಟುಂಬಿಕ ಚಿತ್ರಗಳಲ್ಲಿ ಕ್ಯಾಮೆರಾ ಯಜಮಾನರ ತೊಟ್ಟಿಮನೆಯೊಳಗಿರುತ್ತದೆ, ಆಳು ಅಂಗಳದಲ್ಲಿ ಕೈಕಟ್ಟಿ ನಿಂತು ಹೊರಟುಹೋಗುತ್ತಾನೆ. ಇಲ್ಲಿ ಕ್ಯಾಮೆರಾ ಆ ಆಳಿನ ಹಿಂದೆಯೇ ನಡೆದು ಅವನ ಗುಡಿಸಲೊಳಗೆ ಕೂರುತ್ತದೆ. ಪ್ರಾತಿನಿಧ್ಯವನ್ನು ಅಳೆಯಲು ನನಗೆ ಇದೊಂದೇ ಪ್ರಶ್ನೆ ಸಾಕು: ಕ್ಯಾಮೆರಾ ಯಾರ ಮನೆಯೊಳಗೆ ಹೋಗುತ್ತದೆ?

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಕೂಲಿಯವರು ವಾಸಿಸುವ ಲೈನ್ ಮನೆಗಳ ಮುಂದೆ ಬಿಳಿ ಪಂಚೆ ಕಟ್ಟಿ ನಾವು ಗೆಳೆಯರು ಈ ಚಿತ್ರವನ್ನು ತೋರಿಸಿದ್ದೆವು. ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟ ಹತ್ತಿ ಕಾಫಿ ತೋಟಕ್ಕೆ ಬರುತ್ತಾರಲ್ಲ, ಅಲ್ಲಿಂದ ಜನ ಪಿಸುಗುಟ್ಟಲು ಆರಂಭಿಸಿದರು. ಕೊನೆಗೆ ಮಗಳು ಬೆಳ್ಳಿಯೂ ತೋಟಕ್ಕೆ ಬರುತ್ತಾಳೆ. ತೋಟದ ಲೆಕ್ಕ ಬರೆಯುವ ರೈಟರ್ ಮನ್ವೇಲ ಅವಳನ್ನು ಬಳಸಿಕೊಳ್ಳುತ್ತಾನೆ, ಸಾಲವೂ ತೀರುತ್ತದೆ. ಚಿತ್ರ ಮುಗಿದ ಮೇಲೆ ನಾನು ಚೋಮನ ಬಗ್ಗೆ, ಭೂಮಿಯ ಬಗ್ಗೆ ಮಾತನಾಡಲು ಎದ್ದು ನಿಂತೆ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಕೈಯೆತ್ತಿ, “ಸ್ವಾಮಿ, ಅದೆಲ್ಲ ಆಮೇಲೆ ಹೇಳಿ, ಬೆಳ್ಳಿ ತೋಟಕ್ಕೆ ಬರೋದನ್ನ ಇನ್ನೊಂದ್ ಸಲ ಹಾಕಿ” ಎಂದರು. ಹಾಕಿದೆವು. ಅವರ ತಂದೆತಾಯಿ ಮೇಸ್ತ್ರಿಯಿಂದ ಮುಂಗಡ ಪಡೆದು ಕೆಳಗಿನ ಸೀಮೆಯಿಂದ ಬಂದವರು. ಪರದೆಯ ಮೇಲೆ ರೈಟರ್ ಕಾಣಿಸಿಕೊಂಡಾಗಲೆಲ್ಲ ಅಜ್ಜಿ ಪಕ್ಕದಲ್ಲಿದ್ದ ಮೊಮ್ಮಗಳಿಗೆ ವಿವರಿಸುತ್ತಿದ್ದರು: “ಹಾಜರಿ ಪುಸ್ತಕ ಅವನ ಕೈಲಿರುತ್ತೆ, ಒಂದು ಗೀಟು ಎಳೆದ್ರೆ ನಮ್ಮ ಕೂಲಿ ಹೋಯ್ತು. ಆ ಸಾಲ ಹೆಂಗೆ ತೀರ್ತು ಅಂತ ಅವಳಪ್ಪನಿಗೆ ತಿಳಿಯೋ ಮೊದಲೇ ನಂಗೆ ತಿಳೀತು ಕಣೇ.” ಎಷ್ಟೋ ವಿಮರ್ಶೆಗಳನ್ನು ಓದಿದ್ದ ನಾನು ಬೆಳ್ಳಿಯನ್ನು ಚೋಮನ ದುಃಖದ ಒಂದು ಭಾಗವೆಂದಷ್ಟೇ ನೋಡಿದ್ದೆ. ಅಜ್ಜಿಗೆ ಆ ಚಿತ್ರ ಬೆಳ್ಳಿಯದೇ ಆಗಿತ್ತು. ಕ್ಯಾಮೆರಾ ಲೈನ್ ಮನೆಯ ಬಾಗಿಲಿಗೆ ಬಂದದ್ದರಿಂದಲೇ ಅವರು ಹಾಗೆ ಮಾತನಾಡಿದರು.

ಸಮಯ ಹತ್ತಿರವಾಗಿದೆ. ಮಗ ಗುರುವ ಕ್ರೈಸ್ತನಾಗುವುದು, ಇನ್ನೊಬ್ಬ ಮಗ ನೀಲ ನೀರಿನಲ್ಲಿ ಮುಳುಗುವಾಗ ಮೈಲಿಗೆಯ ಹೆದರಿಕೆ ಮೇಲ್ಜಾತಿಯವರ ಕೈ ಕಟ್ಟಿಹಾಕುವುದು, ತುಳುನಾಡಿನ ಈ ಕುಟುಂಬ ಪರದೆಯ ಮೇಲೆ ಕನ್ನಡ ಆಡುವುದು, ಇವೆಲ್ಲಕ್ಕೂ ಒಂದೊಂದು ಭಾಷಣವೇ ಬೇಕು. ಮಲೆನಾಡಿನ ಶಾಲಾ ಕಾಲೇಜುಗಳ ಶಿಕ್ಷಕರಲ್ಲಿ ಒಂದು ವಿನಂತಿ: ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಲೈನ್ ಮನೆಗಳ ಹಿರಿಯರನ್ನೂ ಕರೆಯಿರಿ, ಚಿತ್ರ ಮುಗಿದ ಮೇಲೆ ಮೊದಲು ಅವರಿಗೆ ಮಾತನಾಡಲು ಬಿಡಿ. ನಮಸ್ಕಾರ.