ಸಾಕೆಟ್‌ಗೆ ಕೂತ ಮಾತ್ರಕ್ಕೆ ಪ್ರೊಸೆಸರ್ ಓಡಲ್ಲ

ನಮಸ್ಕಾರ. ಮಾಟುಂಗಾ, ಠಾಣೆ, ಡೊಂಬಿವಿಲಿ, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ಕಳೆದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾಕೆಟ್ ನಂಬರ್ ನೋಡಿ ಪ್ರೊಸೆಸರ್ ತಗೊಂಡ್ರೆ ಆಯ್ತು, ಬಯಾಸ್ ಗೀಯಾಸ್ ಅಂತ ಜನರನ್ನ ಯಾಕೆ ಹೆದರಿಸ್ತೀರಿ?" ಹೆದರಿಸ್ತಿಲ್ಲ ಸ್ವಾಮಿ, ನಿಮ್ಮ ದುಡ್ಡು ಉಳಿಸ್ತಿದ್ದೀನಿ. ಸಾಕೆಟ್ ಅಂದ್ರೆ ಬೋರ್ಡ್ ಮೇಲೆ ಪ್ರೊಸೆಸರ್ ಕೂರೋ ಜಾಗ, ಬಯಾಸ್ ಅಂದ್ರೆ ಪಿಸಿ ಆನ್ ಮಾಡಿದ ಕೂಡಲೇ ಓಡೋ, ಬೋರ್ಡ್‌ನಲ್ಲೇ ಇರೋ ಸಾಫ್ಟ್‌ವೇರ್.

ಉದಾಹರಣೆಗೆ, ಐ5-6500 ಪ್ರೊಸೆಸರ್ ಇರೋ ಹಳೇ ಬ್ರ್ಯಾಂಡೆಡ್ ಪಿಸಿಗೆ ಐ7 ಹಾಕ್ಬೇಕು ಅನ್ಕೊಳ್ಳಿ. ಸಾಕೆಟ್ ಎಲ್‌ಜಿಎ 1151, ಚಿಪ್‌ಸೆಟ್, ಅಂದ್ರೆ ಬೋರ್ಡ್ ಮೇಲಿನ ನಿಯಂತ್ರಣ ಚಿಪ್, ಕ್ಯೂ170. ಮುಂಬೈನ ಕಂಪ್ಯೂಟರ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ "1151 ಐ7 ಕೊಡಿ" ಅಂದ್ರೆ 6700, 7700, 8700 ಮೂರೂ ಆ ಹೆಸರಿಗೆ ಸೇರುತ್ತವೆ. 8700 ಆ ಸಾಕೆಟ್‌ನಲ್ಲಿ ನೆಟ್ಟಗೆ ಕೂರುತ್ತೆ, ಲಿವರ್ ಕೂಡ ಮುಚ್ಚುತ್ತೆ. ಆದರೆ ಅದಕ್ಕೆ 300 ಸರಣಿಯ ಚಿಪ್‌ಸೆಟ್ ಬೇಕು. ಸ್ವಿಚ್ ಒತ್ತಿದ್ರೆ ಸ್ಕ್ರೀನ್ ಕಪ್ಪು. ಅಂಗಡಿಯವರು "ಫಿಟ್ ಹೋ ಜಾಯೇಗಾ" (ಕೂರುತ್ತೆ) ಅನ್ನೋದು ನಿಜವೇ. ಚಲೇಗಾ (ಓಡುತ್ತೆ) ಅಂತ ಯಾರು ಹೇಳಿದ್ರು?

ಸರಿ, 7700? ಚಿಪ್‌ಸೆಟ್ ಒಪ್ಪುತ್ತೆ. ಆದರೆ ಬ್ರ್ಯಾಂಡೆಡ್ ಪಿಸಿಯಲ್ಲಿ ಮಾತು ಚಿಪ್‌ಸೆಟ್‌ದಲ್ಲ, ಬಯಾಸ್‌ದು. ಆ ಪ್ರೊಸೆಸರ್‌ನ ಮೈಕ್ರೊಕೋಡ್ (ಅದಕ್ಕೆ ಬೇಕಾದ ಒಳಗಿನ ಕೋಡ್) ಅನ್ನು ಕಂಪನಿ ತನ್ನ ಬಯಾಸ್‌ಗೆ ಸೇರಿಸಿರಬೇಕು. ಸೇರಿಸಿಲ್ಲ ಅಂದ್ರೆ ಕಥೆ ಮುಗೀತು. ಕ್ಯೂ170 ಇರೋ ಎರಡು ಕಂಪನಿಯ ಎರಡು ಪಿಸಿ ಬೇರೆಬೇರೆ ಉತ್ತರ ಕೊಡಬಹುದು.

ಹಾಗಾಗಿ ಅಂಗಡಿಗೆ ಹೋಗೋ ಮೊದಲು ಕೆಲಸ ಮನೇಲಿ ಶುರು. ವಿಂಡೋಸ್‌ನಲ್ಲಿ ಎಂಎಸ್‌ಇನ್ಫೊ32 ತೆಗೆದರೆ ಬಯಾಸ್ ವರ್ಷನ್ ಸಿಗುತ್ತೆ. ಡಬ್ಬದ ಮೇಲಿನ ಸರ್ವಿಸ್ ಟ್ಯಾಗ್ ಅಥವಾ ಸೀರಿಯಲ್ ನಂಬರ್ ಅನ್ನು ಕಂಪನಿಯ ಸಪೋರ್ಟ್ ಪೇಜಿಗೆ ಹಾಕಿ, ಹೊಸ ಬಯಾಸ್‌ನ ರಿಲೀಸ್ ನೋಟ್ಸ್‌ನಲ್ಲಿ ನೀವು ಹಾಕೋ ಪ್ರೊಸೆಸರ್‌ನ ಮಾತಿದೆಯಾ ಅಂತ ಓದಿ. ಅಪ್‌ಡೇಟ್ ಮಾಡೋದು ಹಳೇ ಪ್ರೊಸೆಸರ್ ಇರುವಾಗಲೇ! ಹೊಸದನ್ನ ಹಾಕಿದ ಮೇಲೆ ಪಿಸಿಯೇ ಆನ್ ಆಗದಿದ್ರೆ ಬಯಾಸ್ ಹಾಕೋದು ಹೇಗೆ?

"ಅಪ್‌ಡೇಟ್ ಮಾಡಿದ್ರೆ ಬೋರ್ಡ್ ಸುಟ್ಟುಹೋಗುತ್ತೆ" ಅನ್ನೋ ಹಳೇ ಪುರಾಣ ಬೇಡ. ಮಧ್ಯದಲ್ಲಿ ಕರೆಂಟ್ ಹೋದ್ರೆ ಕೆಡುತ್ತೆ. ಯುಪಿಎಸ್‌ಗೆ ಸಿಕ್ಕಿಸಿ, ಮುಗಿಯೋ ತನಕ ಮುಟ್ಟಬೇಡಿ. "ಬೋರ್ಡೇ ಬದಲಿಸಿಬಿಡಿ" ಅನ್ನೋರು ಆ ಡಬ್ಬ ತೆಗೆದು ಪವರ್ ಸಪ್ಲೈ ಕನೆಕ್ಟರ್ ನೋಡಿ. ಎಷ್ಟೋ ಬ್ರ್ಯಾಂಡೆಡ್ ಪಿಸಿಯಲ್ಲಿ ಮಾಮೂಲಿ 24 ಪಿನ್‌ದೇ ಇರಲ್ಲ, ಮಾಮೂಲಿ ಬೋರ್ಡ್‌ಗೆ ಅದನ್ನ ನೇರವಾಗಿ ಸಿಕ್ಕಿಸೋಕೆ ಆಗಲ್ಲ. ಇನ್ನು ಅಗ್ಗಕ್ಕೆ ಸಿಗೋ ಸರ್ವರ್ ಪ್ರೊಸೆಸರ್ ಝಿಯಾನ್ ಇ3 ವಿ5. ಅದೂ 1151ಕ್ಕೇ ಕೂರುತ್ತೆ, ಆದರೆ ಸಿ232 ಅಥವಾ ಸಿ236 ಚಿಪ್‌ಸೆಟ್ ಕೇಳುತ್ತೆ. ಮತ್ತೆ ಸಾಕೆಟ್ ನಂಬಿ ಮೋಸ!

ಹೆಚ್ಚು ಧೈರ್ಯವಾಗಿ ಹೇಳಬಹುದಾದ್ದು 6700. ಅದೇ ತಲೆಮಾರು, ಅದೇ 65 ವ್ಯಾಟ್, 4 ಕೋರ್ 8 ಥ್ರೆಡ್. ಪುಟ್ಟ ಮೈಕ್ರೊ ಡಬ್ಬ ಆದ್ರೆ 35 ವ್ಯಾಟಿನ 6700ಟಿ. ಆದರೆ ಕಂಪನಿಯ ಸಪೋರ್ಟ್ ಪಟ್ಟಿ ನೋಡಿಯೇ ತಗೊಳ್ಳಿ.

ಬಿಚ್ಚೋ ಮೊದಲು ಪಿಸಿಯನ್ನ ಹತ್ತು ನಿಮಿಷ ಓಡಿಸಿ, ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಸಡಿಲ ಆಗುತ್ತೆ. ಆಮೇಲೆ ಪ್ಲಗ್ ಕಿತ್ತು, ಹೀಟ್‌ಸಿಂಕ್ ಮೆಲ್ಲಗೆ ತಿರುಗಿಸಿ ಎತ್ತಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ತೊಗರಿಕಾಳಿನಷ್ಟು ಹೊಸ ಪೇಸ್ಟ್, ಸ್ಕ್ರೂ ಅಡ್ಡಾದಿಡ್ಡಿ ಅಲ್ಲ, ಎದುರುಬದುರು ಮೂಲೆ ಸ್ವಲ್ಪ ಸ್ವಲ್ಪವಾಗಿ. ಎಲ್‌ಜಿಎ ಪಿನ್‌ಗಳು ಬೋರ್ಡ್ ಮೇಲಿವೆ. ಒಂದು ಬೆರಳು ತಾಗಿ ಬಾಗಿದ್ರೂ ಒಂದು ರ್‍ಯಾಮ್ ಸ್ಲಾಟೇ ಕಾಣೆ ಆಗಬಹುದು. ನಮ್ಮ ಕಡೆ ಧೂಳು, ತೇವ ಎರಡೂ ಜಾಸ್ತಿ, ಫ್ಯಾನೂ ಒರೆಸಿಬಿಡಿ.

ವಿಂಡೋಸ್ 11 ಆಸೆಗೆ 7700 ಹುಡುಕೋರಿಗೂ ಹೇಳ್ತೀನಿ, ಅದೂ ಮೈಕ್ರೊಸಾಫ್ಟ್ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಗೋಸ್ಕರ ಈ ಐ7 ಹಾಕೋದಾದ್ರೆ ಹಾಕಲೇಬೇಡಿ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮುಂದಿನ ಸಲ ಎಸ್‌ಎಸ್‌ಡಿ. ಪಿಸಿ ಮಾಡೆಲ್, ಬಯಾಸ್ ವರ್ಷನ್ ಎರಡನ್ನೂ ಕಾಮೆಂಟ್‌ನಲ್ಲಿ ಹಾಕಿ, ಓದಿ ಉತ್ತರ ಕೊಡ್ತೀನಿ. ಬರೀ ಸಾಕೆಟ್ ನಂಬರ್ ಬರೆದವರಿಗೆ ಉತ್ತರ ಈಗಲೇ ಹೇಳ್ಬಿಡ್ತೀನಿ: ಬಯಾಸ್. ಮೊದಲು ಬಯಾಸ್!