ಲಿಲಿ ಗಡ್ಡೆ ಕೊಳ್ಳುವ ಮುಂಚೆ

ಕೇಳುಗರಿಗೆ ನಮಸ್ಕಾರ.

ದೀಪಾವಳಿ ಕಳೆದು ಪುಣೆಗೆ ಚಳಿ ಬಂತು ಅಂದರೆ ನರ್ಸರಿಗಳಲ್ಲಿ ಗಡ್ಡೆಗಳ ಸೀಸನ್ ಶುರು. ಸೋಲಾಪುರ ರಸ್ತೆಯಲ್ಲಿ ಹಡಪಸರ ದಾಟಿ ಉರುಳಿ ಕಾಂಚನದ ಕಡೆ ಹೋಗಿ ನೋಡಿ. ಸಾಲು ಸಾಲು ನರ್ಸರಿಗಳಿವೆ. ಕೌಂಟರಿನ ಮುಂದೆ ತೂತು ಹೊಡೆದ ಪ್ಲಾಸ್ಟಿಕ್ ಚೀಲಗಳು ನೇತಾಡುತ್ತಿರುತ್ತವೆ. ಮೇಲೆ ದೊಡ್ಡ ಹೂವಿನ ಚಿತ್ರ. ಒಳಗೆ ಒಂದಿಷ್ಟು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದರ ನಡುವೆ ಒಂದೋ ಎರಡೋ ಗಡ್ಡೆ. "ಹಾಲೆಂಡ್ ಮಾಲು" ಅಂತ ಅಂಗಡಿಯವರು ಹೇಳುತ್ತಾರೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೂ ಚಿತ್ರ ನೋಡಿ ಕೈ ಪರ್ಸಿಗೆ ಹೋಗುತ್ತದೆ, ಅಲ್ವಾ?

ದುಡ್ಡು ಕೊಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ. ಈ ಗಡ್ಡೆ ಎರಡನೇ ವರ್ಷವೂ ನಮ್ಮ ಮನೆಯಲ್ಲಿ ಹೂ ಬಿಡುತ್ತದಾ? ಎಷ್ಟೋ ಅಂಗಡಿಯವರು ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಹಾಗಾಗಿ ನಾವೇ ತಿಳಿದುಕೊಂಡಿರಬೇಕು.

ಲಿಲಿ ಅಂತ ಮಾರುವುದರಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ಕುಟುಂಬಗಳ ಗಿಡಗಳು ಇರುತ್ತವೆ. ಒಂದು ನಿಜವಾದ ಲಿಲಿ, ಅಂದರೆ ಲಿಲಿಯಂ. ಇದರ ಗಡ್ಡೆಗೆ ಹೊರಗಿನ ಸಿಪ್ಪೆ ಇರುವುದಿಲ್ಲ. ದಪ್ಪ ದಪ್ಪ ಬಿಳಿ ಎಸಳುಗಳು ಬರಿಮೈಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇನ್ನೊಂದು ಅಮರಿಲ್ಲಿಸ್ ಕುಟುಂಬ. ಇದು ಥೇಟ್ ಈರುಳ್ಳಿ. ಕಂದು ಸಿಪ್ಪೆ, ಮೇಲೆ ಕತ್ತು, ಕೆಳಗೆ ಬೇರು ಬಿಡುವ ಗಟ್ಟಿ ತಳ. ನಮ್ಮ ಅಜ್ಜಿಯರ ಅಂಗಳದ ಕೆಂಪು ಲಿಲಿ, ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಅರಳುವ ರೇನ್ ಲಿಲಿ, ಜೇಡನ ಕಾಲಿನಂತೆ ಎಸಳು ಚಾಚುವ ಸ್ಪೈಡರ್ ಲಿಲಿ, ಎಲ್ಲ ಈ ಎರಡನೇ ಕುಟುಂಬದವು.

ಲಿಲಿಯಂಗೆ ಚಳಿ ಬೇಕು. ಸುಮ್ನೆ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ ಸಾಲದು. ಗಡ್ಡೆ ವಾರಗಟ್ಟಲೆ ಫ್ರಿಜ್ಜಿನಷ್ಟು ತಂಪಿನಲ್ಲಿ ಇದ್ದರೆ ಮಾತ್ರ ಮುಂದಿನ ಹೂವಿಗೆ ಸಿದ್ಧವಾಗುತ್ತದೆ. ಪುಣೆಯಲ್ಲಿ ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ನಿಜ. ಆದರೆ ಮಧ್ಯಾಹ್ನ ಮತ್ತೆ 30ರ ಹತ್ತಿರ. ಮುಂಬೈ, ಗೋವಾದಲ್ಲಿ ಅದೂ ಇಲ್ಲ. ಚೀಲದಲ್ಲಿ ಬರುವ ಗಡ್ಡೆಗೆ ಶೀತಗೃಹದಲ್ಲಿ ಮೊದಲೇ ತಂಪು ಕೊಟ್ಟಿರುತ್ತಾರೆ. ಅದಕ್ಕೇ ಮೊದಲ ಸಲ ಚೆನ್ನಾಗಿ ಹೂ ಬಿಡುತ್ತದೆ. ಆಮೇಲೆ ಬೇಸಿಗೆ ಬಂದು ಗಡ್ಡೆ ಸೊರಗುತ್ತದೆ. ಫ್ರಿಜ್ಜಿನಲ್ಲಿಟ್ಟು ಮತ್ತೆ ಹೂ ಬಿಡಿಸುವವರೂ ಇದ್ದಾರೆ. ಎಲೆ ಒಣಗಿದ ಮೇಲೆ ಗಡ್ಡೆಯನ್ನು ಸ್ವಲ್ಪವೇ ತೇವ ಇರುವ ಕೋಕೋಪೀಟ್‌ನಲ್ಲಿ ಹಾಕಿ, ತೂತಿನ ಚೀಲದಲ್ಲಿ ಆರೆಂಟು ವಾರ ತರಕಾರಿ ಡಬ್ಬಿಯಲ್ಲಿ ಇಡಬೇಕು. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಇಷ್ಟು ಮಾಡಿದರೂ ಎರಡನೇ ವರ್ಷದ ಹೂ ಚಿಕ್ಕದೇ. ಲಿಲಿಯಂ ಬೇಡ ಅಂತ ನಾನು ಹೇಳುವುದಿಲ್ಲ. ಒಂದು ಸಲದ ಹೂವಿಗೆ ಅಂತ ಲೆಕ್ಕ ಹಾಕಿ ದುಡ್ಡು ಕೊಡಿ, ಅಷ್ಟೇ. ಕೊಳ್ಳುವುದಾದರೆ ಏಷಿಯಾಟಿಕ್ ಜಾತಿಯದು ಸುಲಭ, ಬೇಗ ಅರಳುತ್ತದೆ, ಆದರೆ ಪರಿಮಳ ಇಲ್ಲ. ಓರಿಯೆಂಟಲ್‌ಗೆ ಪರಿಮಳ ಇದೆ, ಜೊತೆಗೆ ನಾಜೂಕೂ ಜಾಸ್ತಿ.

ಶಿರೂಯಿ ಲಿಲಿ ಎಲ್ಲಿ ಸಿಗುತ್ತದೆ ಅಂತ ಕೆಲವರು ಕೇಳುತ್ತಾರೆ. ಮಣಿಪುರದ ಉಖ್ರುಲ್ ಜಿಲ್ಲೆಯ ಶಿರೂಯಿ ಬೆಟ್ಟದ ನಸುಗುಲಾಬಿ ಹೂವು ಅದು. 1946ರಲ್ಲಿ ಬ್ರಿಟಿಷ್ ಸಸ್ಯ ಸಂಗ್ರಾಹಕ ಫ್ರಾಂಕ್ ಕಿಂಗ್ಡನ್ ವಾರ್ಡ್ ಅದನ್ನು ಸಂಗ್ರಹಿಸಿದರು. ಹೆಂಡತಿ ಜೀನ್ ಮ್ಯಾಕ್ಲಿನ್ ಅವರ ಹೆಸರಿನಿಂದ ಅದಕ್ಕೆ ಲಿಲಿಯಂ ಮ್ಯಾಕ್ಲಿನಿಯೇ ಅನ್ನುವ ಹೆಸರು ಬಂತು. ಮಂಜು ಕವಿಯುವ ಎತ್ತರದ ಬೆಟ್ಟ ಬಿಟ್ಟು ಅದು ಬಾಳುವುದು ಕಷ್ಟ. ಪುಣೆಯ ಕೋಥರೂಡಿನ ಬಾಲ್ಕನಿಯಲ್ಲಂತೂ ಆಸೆ ಬೇಡ. ಯಾರಾದರೂ ಗಡ್ಡೆ ಕೊಡುತ್ತೇನೆ ಅಂದರೂ ಬೇಡ ಅನ್ನಿ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಎರಡನೇ ಕುಟುಂಬದಲ್ಲಿ, ನರ್ಸರಿಯಲ್ಲಿ ಅಷ್ಟಾಗಿ ಕಾಣದ, ಆದರೆ ನಮ್ಮ ಹವೆಗೆ ಒಗ್ಗುವ ಗಡ್ಡೆಗಳು ಎಷ್ಟೋ ಇವೆ. ಒಂದು ಅಮೆಜಾನ್ ಲಿಲಿ. ಹೆಸರು ಹಾಕಿ ಹುಡುಕಿದರೆ ಆನ್‌ಲೈನ್ ಅಂಗಡಿಯೇ ಮೊದಲು ಬರುತ್ತದೆ. ನಾನು ಹೇಳುತ್ತಿರುವುದು ದಕ್ಷಿಣ ಅಮೆರಿಕದ ಹೂವು, ಯೂಕ್ಯಾರಿಸ್. ತಲೆ ಬಾಗಿಸಿದ ಬಿಳಿ ಹೂ, ಒಳ್ಳೆ ಪರಿಮಳ, ಅಗಲ ಎಲೆ. ಬಿಸಿಲು ಬಾರದ ಫ್ಲ್ಯಾಟಿಗೆ ಇದಕ್ಕಿಂತ ಒಳ್ಳೆಯ ಗಡ್ಡೆ ನನಗೆ ಗೊತ್ತಿಲ್ಲ. ಕುಂಡದಲ್ಲಿ ಗಡ್ಡೆಗಳು ಇಕ್ಕಟ್ಟಾದಷ್ಟೂ ಚೆನ್ನಾಗಿ ಹೂ ಬಿಡುತ್ತದೆ, ಹಾಗಾಗಿ ಪದೇ ಪದೇ ಕಿತ್ತು ನೆಡಬೇಡಿ. ಮತ್ತೊಂದು, ಅಮರಿಲ್ಲಿಸ್ ಅಂತ ಮಾರುವ ಹಿಪಿಯಾಸ್ಟ್ರಮ್‌ನಲ್ಲೇ ಒಂದು ಜಾತಿ. ಎಲೆಯ ನಡುವೆ ಉದ್ದಕ್ಕೂ ಬಿಳಿ ಗೆರೆ. ಹೂವು ನಸುಗುಲಾಬಿ, ಅದರ ಮೇಲೆ ಬಲೆಯಂಥ ಗಾಢ ಗೆರೆಗಳು. ಉಳಿದವು ಬೇಸಿಗೆಯಲ್ಲಿ ಅರಳಿದರೆ ಇದು ಮಳೆ ಮುಗಿಯುವ ಹೊತ್ತಿಗೆ ಅರಳುತ್ತದೆ. ಹೂ ಇಲ್ಲದಾಗಲೂ ಎಲೆ ನೋಡಿ ಗುರುತಿಸಬಹುದು, ಹಾಗಾಗಿ ಮೋಸ ಹೋಗುವ ಭಯ ಕಡಿಮೆ. ರೇನ್ ಲಿಲಿಯಲ್ಲೂ ಥಾಯ್ಲೆಂಡ್, ಇಂಡೋನೇಷ್ಯಾದವರು ಬೆಳೆಸಿದ ಹೊಸ ಬಣ್ಣಗಳು ಬಂದಿವೆ. ಪೀಚ್, ಕೆಂಪು, ಎರಡು ಬಣ್ಣ ಬೆರೆತದ್ದು, ಸುತ್ತು ಎಸಳಿನದು. ಒಂದು ಗಡ್ಡೆ ಕೊಂಡರೆ ಸಾಕು. ಮರಿ ಹಾಕುತ್ತದೆ.

ಇವನ್ನು ಹುಡುಕುವುದು ಎಲ್ಲಿ? ನರ್ಸರಿ ಒಂದು ದಾರಿ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ಪುಷ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿನ ಮಾರಾಟದ ಮಳಿಗೆಗಳಿಗೆ ಮೊದಲ ದಿನವೇ ಹೋಗಿ. ಅಪರೂಪದ್ದು ಒಂದೆರಡು ಕುಂಡ ತಂದಿದ್ದರೆ ಅದು ಮಧ್ಯಾಹ್ನದೊಳಗೆ ಖಾಲಿ.

ಆದರೆ ಪುಣೆಯಲ್ಲಿ ಇನ್ನೊಂದು ಜಾಗ ಇದೆ. ಹಳೆ ಬಂಗಲೆಗಳು. ಪ್ರಭಾತ್ ರೋಡ್, ಕರ್ವೆ ರೋಡ್ ಕಡೆ ನಡೆದುಹೋಗುವಾಗ ನೋಡಿರುತ್ತೀರಿ. ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ತಗಡಿನ ಬೇಲಿ ಎದ್ದಿತು, ಬಿಲ್ಡರ್ ಬೋರ್ಡು ನಿಂತಿತು ಅಂದರೆ ಕಾಂಪೌಂಡಿನ ಗಿಡಗಳ ಕಥೆ ಮುಗಿಯಿತು. ಮರ ಕಡಿಯುವುದಕ್ಕಾದರೂ ಪಾಲಿಕೆಯ ಪರವಾನಗಿ ಬೇಕು. ಗಡ್ಡೆಗಳನ್ನು ಕೇಳುವವರೇ ಇಲ್ಲ. ಜೆಸಿಬಿ ಬಂದು ಮಣ್ಣಿನ ಜೊತೆ ಎತ್ತಿ ಲಾರಿಗೆ ಸುರಿಯುತ್ತದೆ. ಅರ್ಧ ಶತಮಾನದಿಂದ ಅದೇ ಮೂಲೆಯಲ್ಲಿ ಹೂ ಬಿಟ್ಟ ಗಡ್ಡೆಗಳು ಎಲ್ಲೋ ಭರ್ತಿ ಮಣ್ಣಾಗುತ್ತವೆ.

ನಮ್ಮ ಹಿಂದಿನ ಗಲ್ಲಿಯಲ್ಲಿ ಇಂಥ ಒಂದು ಮನೆ ಖಾಲಿ ಆಗುವ ಮುಂಚೆ ಅಲ್ಲಿನ ಆಜಿಯನ್ನು ಕೇಳಿದೆ. "ಆಜಿ, ಗೇಟಿನ ಹತ್ತಿರದ ಲಿಲಿ ತೆಗೆದುಕೊಂಡು ಹೋಗಲಾ?" ಅವರು ನಕ್ಕು, "ನೀನು ಎತ್ತಬಲ್ಲೆಯಾದರೆ ಎತ್ತು" ಅಂದರು. ಆ ಮಾತಿನ ಅರ್ಥ ಗುದ್ದಲಿ ಹಾಕಿದ ಮೇಲೆ ಗೊತ್ತಾಯಿತು. ಅದು ಅಮರಿಲ್ಲಿಸ್ ಕುಟುಂಬದ್ದೇ ಆದ ಕ್ರೈನಮ್, ಬಿಳಿ ಎಸಳಿನ ನಡುವೆ ಕೆಂಪು ಗೆರೆ ಇರುವ ಜಾತಿ. ಮಣ್ಣಿನ ಮೇಲೆ ಕಾಣುವುದು ಬರೀ ಕತ್ತು. ಗಡ್ಡೆ ಮೊಣಕೈ ಆಳದಲ್ಲಿ ಕೂತಿತ್ತು. ಬುಡದ ಪಕ್ಕದಲ್ಲೇ ಅಗೆದರೆ ಗುದ್ದಲಿ ಸೀದಾ ಗಡ್ಡೆಗೇ ತಗಲುತ್ತದೆ. ಒಂದು ಅಡಿ ದೂರದಿಂದ ಸುತ್ತಲೂ ಮಣ್ಣು ಬಿಡಿಸಬೇಕು. ಕಿರುಬೆರಳು ದಪ್ಪದ ಬಿಳಿ ಬೇರುಗಳು ಬರುತ್ತವೆ. ಅವನ್ನು ಕತ್ತರಿಸಬೇಡಿ, ಅವೇ ಅದರ ಉಗ್ರಾಣ. ಎಲೆಯನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ. ಹೊಸ ಜಾಗಕ್ಕೆ ಹೋದ ಕ್ರೈನಮ್ ಒಂದು ವರ್ಷ ಮುನಿಸಿಕೊಂಡು ಕೂರುತ್ತದೆ, ಹೂ ಬಿಡುವುದಿಲ್ಲ. ಇರಲಿ ಬಿಡಿ, ಗಡ್ಡೆ ಗಟ್ಟಿ ಇದ್ದರೆ ಸಾಕು. ದೊಡ್ಡ ಗಡ್ಡೆ ಕಿತ್ತ ಹೊಂಡದಲ್ಲಿ ಮರಿಗಳು ಉಳಿದಿರುತ್ತವೆ. ಅವನ್ನೂ ಕೈಯಾಡಿಸಿ ಆರಿಸಿ. ಬಿಲ್ಡರಿಗೆ ಜಾಗ ಹೋದ ಮೇಲೆ ವಾಚ್‌ಮನ್ ಒಳಗೆ ಬಿಡುವುದಿಲ್ಲ. ಹಾಗಾಗಿ ಮನೆಯವರು ಇರುವಾಗಲೇ ಕೇಳಿ. ಇಲ್ಲ ಅಂದವರನ್ನು ನಾನು ನೋಡಿಲ್ಲ. ಎಷ್ಟೋ ಮಂದಿಗೆ ತಮ್ಮ ಗಿಡ ಯಾರದೋ ಮನೆಯಲ್ಲಿ ಬದುಕುತ್ತದೆ ಅಂತ ಸಮಾಧಾನ.

ಅಂಗಡಿಯಲ್ಲಿ ಕೊಳ್ಳುವಾಗ ಗಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಹಗುರ ಅನಿಸಿದರೆ ಒಳಗೆ ಒಣಗಿದೆ. ಹೆಬ್ಬೆರಳಿನಿಂದ ತಳ ಒತ್ತಿ. ತಳ ಮೆತ್ತಗಿದ್ದರೆ ಕೊಳೆ ಶುರುವಾಗಿದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಮೇಲಿನ ಸಿಪ್ಪೆಗೆ ಸ್ವಲ್ಪ ನೀಲಿ ಬೂಷ್ಟು ಇದ್ದರೆ ಪರವಾಗಿಲ್ಲ, ಒರೆಸಿದರೆ ಹೋಗುತ್ತದೆ. ಆದರೆ ಸಿಪ್ಪೆ ಸರಿಸಿದಾಗ ಒಳಗೆ ಕೆಂಪು ಕಲೆ, ಕೆಂಪು ಗೀರು ಕಂಡರೆ ಅದು ಶಿಲೀಂಧ್ರ ರೋಗ ಇರಬಹುದು, ಬೇರೆ ಕುಂಡಗಳಿಗೂ ಹರಡುತ್ತದೆ. ಮೂಸಿಯೂ ನೋಡಿ. ಒಳ್ಳೆಯ ಗಡ್ಡೆಗೆ ಮಣ್ಣಿನ ವಾಸನೆ. ಹುಳಿ ವಾಸನೆ ಬಂದರೆ ಕೆಳಗಿಡಿ. ಚೀಲದ ಮೇಲೆ 24/26, 26/28 ಅಂತ ಬರೆದಿರುತ್ತದೆ. ಅದು ಗಡ್ಡೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ಅಮರಿಲ್ಲಿಸ್‌ನಲ್ಲಿ ಗಡ್ಡೆ ದೊಡ್ಡದಾದಷ್ಟೂ ಹೂದಂಟು ಜಾಸ್ತಿ. ನೆಡುವಾಗ ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಹೊರಗೆ ಇರಲಿ, ಇಲ್ಲವಾದರೆ ಮಳೆಗಾಲದಲ್ಲಿ ಕತ್ತಿನಲ್ಲೇ ಕೊಳೆಯುತ್ತದೆ.

ಆನ್‌ಲೈನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡು ನೀಲಿ ಲಿಲಿಯ ಚಿತ್ರ ಹಾಕಿದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ. ನಿಜವಾದ ಲಿಲಿಯಲ್ಲಿ ನೀಲಿ ಬಣ್ಣವೇ ಇಲ್ಲ. ನೂರು ಲಿಲಿ ಬೀಜ ಇಷ್ಟು ರೂಪಾಯಿಗೆ ಅನ್ನುವುದೂ ಅದೇ ಜಾತಿಯ ವ್ಯಾಪಾರ. ಬೀಜ ನಿಜವೇ ಆಗಿದ್ದರೂ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ವಿದೇಶದಲ್ಲಿರುವ ಮಗ ಅಂಚೆಯಲ್ಲಿ ಕಳಿಸುತ್ತಾನೆ ಅಂದರೆ ಬೇಡ ಅನ್ನಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಹಾಲೆಂಡಿನ ಗಡ್ಡೆಯನ್ನು ಇಲ್ಲಿನ ವ್ಯಾಪಾರಿಯ ಹತ್ತಿರ ಕೊಳ್ಳುವುದೇ ಸರಿ. ಬೆಟ್ಟದ ಕಡೆಯಿಂದ ತರಿಸುವವರಿಗೆ ಕಾಲಿಂಪಾಂಗ್‌ನ ನರ್ಸರಿಗಳು ಇವೆ, ಹೂಗಡ್ಡೆಗೆ ಹಳೆ ಹೆಸರು.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಮಹಾಬಳೇಶ್ವರ, ಕಾಸ್ ಕಡೆ ಪ್ರವಾಸ ಹೋದವರು ಕಾಡಿನ ಗಡ್ಡೆ ಕಿತ್ತು ತರುವುದು. ಆ ಬೆಟ್ಟಗಳಲ್ಲಿ ಕ್ರೈನಮ್ ಬ್ರ್ಯಾಕಿನೀಮಾ ಅನ್ನುವ ಬಿಳಿ ಲಿಲಿ ಇದೆ. ಸಹ್ಯಾದ್ರಿಯ ಉತ್ತರ ಭಾಗ ಬಿಟ್ಟರೆ ಬೇರೆಲ್ಲೂ ಇಲ್ಲ. ಇನ್ನೊಂದು ಕ್ರೈನಮ್ ವುಡ್ರೋವಿ. ಪುಣೆಯಲ್ಲಿ ಕೆಲಸ ಮಾಡಿದ ಸಸ್ಯಶಾಸ್ತ್ರಜ್ಞ ಜಿ. ಎಂ. ವುಡ್ರೋ ಅವರ ಹೆಸರಿನದು. ನೂರು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಕಾಣದೆ, ಈ ಶತಮಾನದಲ್ಲಿ ಮಹಾಬಳೇಶ್ವರದಲ್ಲಿ ಮತ್ತೆ ಸಿಕ್ಕಿತು. ಅಂಥದ್ದನ್ನು ಕಿತ್ತು ಕುಂಡಕ್ಕೆ ಹಾಕುವುದು ಕಳ್ಳತನವೇ. ರಸ್ತೆ ಬದಿ ಮಣ್ಣು ಮೆತ್ತಿದ ಕಾಡುಗಡ್ಡೆ ಇಟ್ಟು ಯಾರಾದರೂ ಮಾರುತ್ತಿದ್ದರೆ ದಾಟಿ ಹೋಗಿ.

ಗಡ್ಡೆ ಬಂತು, ನೆಟ್ಟಿರಿ. ಜೂನ್ ನಂತರ ಎಲೆ ಮೇಲೆ ಕಣ್ಣಿರಲಿ. ಕಪ್ಪು ಮೈಗೆ ಬಿಳಿ ಪಟ್ಟೆ ಇರುವ ಹುಳು ಬರುತ್ತದೆ. ಕ್ರೈನಮ್, ಸ್ಪೈಡರ್ ಲಿಲಿ ಅಂದರೆ ಅದಕ್ಕೆ ಪ್ರಾಣ. ಎಲೆ ತಿಂದು ಮುಗಿಸಿ ಗಡ್ಡೆಯೊಳಗೇ ಇಳಿಯುತ್ತದೆ. ಬೆಳಿಗ್ಗೆ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದೇ ಸುಲಭ.

ಬೆಕ್ಕು ಸಾಕಿದವರು ಲಿಲಿಯಂ ತರಲೇಬೇಡಿ. ಅದರ ಎಲೆ, ಹೂವು, ಪರಾಗ ಕೂಡ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಮಲೆನಾಡಿನ ಗೌರಿ ಹೂವಿನ ಗಡ್ಡೆ, ಇಲ್ಲಿನವರು ಕಳಲಾವಿ ಅನ್ನುವುದು, ಮನುಷ್ಯರಿಗೇ ವಿಷ. ಅಮರಿಲ್ಲಿಸ್ ಕುಟುಂಬದ ಗಡ್ಡೆಯೂ ಹೊಟ್ಟೆಗೆ ಹೋಗಬಾರದು. ಸಂಕ್ರಾಂತಿಗೆ ಊರಿಗೆ ಹೋದವರು ಅತ್ತೆ ಮನೆಯಿಂದಲೋ ದೊಡ್ಡಮ್ಮನ ಮನೆಯಿಂದಲೋ ಗಡ್ಡೆ ತರುತ್ತೀರಿ, ಗೊತ್ತು. ಪ್ಲಾಸ್ಟಿಕ್ ಬೇಡ, ಪೇಪರಿನಲ್ಲಿ ಸುತ್ತಿ. ಪೇಪರಿನ ಮೇಲೆ ಹೂವಿನ ಬಣ್ಣ, ಕೊಟ್ಟವರ ಹೆಸರು ಬರೆಯಿರಿ. ಮನೆಗೆ ಬಂದ ಮೇಲೆ ಆ ಪೊಟ್ಟಣವನ್ನು ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹತ್ತಿರ ಇಡಬೇಡಿ. ಸೀದಾ ಬಾಲ್ಕನಿಗೆ ಒಯ್ಯಿರಿ.

ನಮಸ್ಕಾರ.