ಡ್ರೈವ್‌ನಿಂದ ಮೋಟಾರ್‌ವರೆಗಿನ ಕೇಬಲ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ಜನ ಮೇಂಟೆನೆನ್ಸ್‌ನವರೇ ಇದ್ದೀರಿ. ಹಾಗಾಗಿ ನಾನು ಪೆಟ್ಟು ತಿಂದ ಕಥೆಯಿಂದಲೇ ಶುರು ಮಾಡುತ್ತೇನೆ.

ಒಂದು ಕಾರ್ಖಾನೆಯಲ್ಲಿ ನೀರಿನ ಪಂಪಿಗೆ ಡ್ರೈವ್, ಅಂದರೆ ಮೋಟಾರಿನ ವೇಗ ಬದಲಾಯಿಸುವ ಪೆಟ್ಟಿಗೆ, ಹಾಕಿದ್ದೆವು. ಪೈಪಿನ ಒತ್ತಡ ನೋಡಿಕೊಂಡು ಪಂಪಿನ ವೇಗ ಬದಲಾಗಬೇಕು. ಪಂಪ್ ನಿಂತಿದ್ದಾಗ ಪ್ರೆಶರ್ ರೀಡಿಂಗ್ ಅಲುಗಾಡುತ್ತಿರಲಿಲ್ಲ. ಓಡಿಸಿದ ಕೂಡಲೇ ಕುಣಿಯುತ್ತಿತ್ತು. ಒತ್ತಡ ಅಳೆದು ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ಎರಡು ಸಲ ಬದಲಾಯಿಸಿದೆವು. ಕೊನೆಗೆ ಕೇಬಲ್ ಟ್ರೇ ಮುಚ್ಚಳ ತೆಗೆದರೆ, ಸಿಗ್ನಲ್ ಕೇಬಲ್ಲನ್ನು ಮೋಟಾರ್ ಕೇಬಲ್ಲಿಗೆ ಉದ್ದಕ್ಕೂ ಟೈ ಹಾಕಿ ಕಟ್ಟಿತ್ತು. ನೋಡಲು ಬಹಳ ಅಚ್ಚುಕಟ್ಟು! ಹಾಗೆ ಕಟ್ಟಿಸಿದ್ದು ನಾನೇ.

ಯಾಕೆ ಕುಣಿಯಿತು? 415 ವೋಲ್ಟ್ ಸಪ್ಲೈಯನ್ನು ಡ್ರೈವ್ ಮೊದಲು ಡಿಸಿ ಮಾಡುತ್ತದೆ, ಸುಮಾರು 587 ವೋಲ್ಟ್. ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಿ ಮೋಟಾರಿಗೆ ಕಳಿಸುತ್ತದೆ. ಒಂದೊಂದು ಏರಿಕೆಯೂ ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಇಷ್ಟು ಚುರುಕಾದಾಗ ಇನ್ಸುಲೇಶನ್ ಕೂಡ ಕೆಪಾಸಿಟರ್ ಇದ್ದ ಹಾಗೆ. ಸ್ವಲ್ಪ ಕರೆಂಟ್ ಹೊರಗೆ ಜಾರುತ್ತದೆ. ಅದು ಡ್ರೈವ್‌ಗೆ ವಾಪಸ್ ಹೋಗಲೇಬೇಕು ಅಲ್ವಾ? ನಾವು ದಾರಿ ಕೊಡದಿದ್ದರೆ ಅದೇ ಹುಡುಕಿಕೊಳ್ಳುತ್ತದೆ: ಟ್ರೇ, ಪೈಪು, ಮೋಟಾರಿನ ಬೇರಿಂಗ್, ಇಲ್ಲವೇ ನಿಮ್ಮ ಸಿಗ್ನಲ್ ವೈರು.

ಆ ದಾರಿಯೇ ಶೀಲ್ಡ್, ಅಂದರೆ ಕೇಬಲ್ಲಿನೊಳಗೆ ವೈರುಗಳ ಸುತ್ತ ಇರುವ ಲೋಹದ ಹೊದಿಕೆ. ಮೋಟಾರಿಗೆ ಶೀಲ್ಡ್ ಇರುವ ಕೇಬಲ್ ಎಳೆಯಿರಿ, ಎರಡೂ ತುದಿಯಲ್ಲಿ ಅರ್ಥ್ ಮಾಡಿ. ಎಡವುವುದು ಇಲ್ಲೇ. ನಾವು ಶೀಲ್ಡನ್ನು ಜಡೆ ಹೆಣೆದು, ಹಸಿರು ಸ್ಲೀವ್ ತೊಡಿಸಿ, ಲಗ್ ಒತ್ತಿ ಬೋಲ್ಟಿಗೆ ಕೊಡುತ್ತೇವೆ. ಮೀಟರ್ ಇಟ್ಟರೆ ಸೊನ್ನೆ ಓಮ್. ಆದರೆ ಮೀಟರ್ ಹೇಳುವುದು ಡಿಸಿ ಲೆಕ್ಕ. ಮೆಗಾಹರ್ಟ್ಸ್ ಲೆಕ್ಕದ ಕರೆಂಟಿಗೆ ಆ ಗೇಣುದ್ದದ ಜಡೆ ದೊಡ್ಡ ಅಡ್ಡಗೋಡೆ. ಶೀಲ್ಡನ್ನು ಸುತ್ತಲೂ ಹಿಡಿಯುವ ಇಎಂಸಿ ಗ್ಲ್ಯಾಂಡ್ (ಕೇಬಲ್ ಒಳಹೋಗುವ ತೂತಿಗೆ ಹಾಕುವ ಲೋಹದ ಹಿಡಿ) ಅಥವಾ ಕ್ಲಾಂಪ್ ಹಾಕಿ. ಅದು ಕೂರುವ ಕಡೆ ಪ್ಲೇಟಿನ ಪೇಂಟ್ ಕೆರೆಯಿರಿ. ಹೊಸ ಪ್ಯಾನೆಲ್ ಕೆರೆಯಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಕೆರೆಯಿರಿ.

ಕೇಬಲ್ ಸೈಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೋಟಾರ್ ಕರೆಂಟ್, ಜಾಗದ ಶಾಖ, ಒಂದೇ ಟ್ರೇಯಲ್ಲಿ ಎಷ್ಟು ಕೇಬಲ್, ವೋಲ್ಟೇಜ್ ಡ್ರಾಪ್, ಇದು ನಿಮಗೆ ಗೊತ್ತಿರುವ ಲೆಕ್ಕವೇ. ಉದ್ದವನ್ನು ಮಾತ್ರ ಮರೆಯಬೇಡಿ. ಕೇಬಲ್ ಉದ್ದವಾದರೆ ವೋಲ್ಟೇಜಿನ ಅಲೆ ಮೋಟಾರ್ ತುದಿಗೆ ಬಡಿದು ಹಿಂದೆ ತಿರುಗುತ್ತದೆ. ಅಲ್ಲಿ ವೋಲ್ಟೇಜ್ ಎರಡರಷ್ಟರ ಹತ್ತಿರ, 1,100–1,200 ವೋಲ್ಟ್‌ವರೆಗೂ ಏರಬಹುದು. ಹಳೇ ಮೋಟಾರ್ ಸುಟ್ಟರೆ ವೈಂಡಿಂಗ್ ಮಾಡಿದವರನ್ನು ಸುಮ್ನೆ ಬೈಯುವ ಮೊದಲು ಕೇಬಲ್ ಅಳೆಯಿರಿ. ಡ್ರೈವ್ ಮ್ಯಾನುಯಲ್‌ನಲ್ಲಿ ಮಿತಿ ಬರೆದಿರುತ್ತದೆ. ಮೀರಿದರೆ ಡ್ರೈವ್‌ನಿಂದ ಹೊರಬರುವ ಕಡೆ ಫಿಲ್ಟರ್ ಅಥವಾ ಚೋಕ್ (ಸುರುಳಿ) ಬೇಕು.

ಇನ್ನು ಸಿಗ್ನಲ್. ದೂರಕ್ಕೆ ಕಳಿಸುವಾಗ 0–10 ವೋಲ್ಟ್‌ನ ವೋಲ್ಟೇಜ್ ಸಿಗ್ನಲ್‌ಗಿಂತ 4–20 ಮಿಲಿಆಂಪ್‌ನ ಕರೆಂಟ್ ಸಿಗ್ನಲ್ ಗಟ್ಟಿ. ಜೋಡಿ ತಿರುಚಿದ, ಶೀಲ್ಡ್ ಇರುವ ಕೇಬಲ್ ಬಳಸಿ. ಬೇರೆ ಟ್ರೇ ಇರಲಿ, ಕಡಿಮೆ ಅಂದರೂ ಒಂದಡಿ ದೂರ. ಮೋಟಾರ್ ಕೇಬಲ್ಲನ್ನು ದಾಟಲೇಬೇಕಾದರೆ ನೇರ ಅಡ್ಡಕ್ಕೆ, 90 ಡಿಗ್ರಿಯಲ್ಲಿ ದಾಟಿಸಿ.

ಆ ಪಂಪಿನಲ್ಲಿ ನಾವು ಮಾಡಿದ್ದೂ ಇಷ್ಟೇ. ಟೈಗಳನ್ನು ಕತ್ತರಿಸಿ, ಸಿಗ್ನಲ್ ಕೇಬಲ್ಲನ್ನು ಎದುರು ಗೋಡೆಯ ಮೇಲೆ ಬೇರೆ ಪೈಪಿನಲ್ಲಿ ತಂದೆವು. ರೀಡಿಂಗ್ ಕುಣಿಯುವುದು ನಿಂತಿತು. ಕಿತ್ತುಹಾಕಿದ್ದ ಎರಡು ಟ್ರಾನ್ಸ್‌ಮಿಟರ್‌ಗಳನ್ನು ಆಮೇಲೆ ಟೆಸ್ಟ್ ಮಾಡಿಸಿದೆ. ಎರಡೂ ಚೆನ್ನಾಗಿಯೇ ಇದ್ದವು.

ಈಗ ನಿಮ್ಮ ಪ್ರಶ್ನೆ ಕೇಳಿ.